ಕೆಂಪುಹೊಳೆಯ ಕಪ್ಪೆ ಮತ್ತೆ ಸಿಕ್ಕ ಕತೆ

ವನಗೂರಿನಿಂದ ಬಿಸಿಲೆ ಘಾಟಿಗೆ ಇಳಿಯುವ ಕಾಡಿರಲಿ, ಅದರ ಉತ್ತರಕ್ಕೆ ಶಿರಾಡಿ ಘಾಟಿಗೆ ಅಂಟಿಕೊಂಡ ಕೆಂಪುಹೊಳೆಯ ಕಾಡಿರಲಿ, ಮುಂಗಾರು ಹಿಡಿಯಿತೆಂದರೆ ರಾತ್ರಿಯಿಡೀ ಕಪ್ಪೆಗಳದೇ ದರ್ಬಾರು. ಅವುಗಳಲ್ಲಿ ಎಷ್ಟು ಬಗೆ ಎಂದು ವಿಂಗಡಿಸಲು ಕೂತವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ.

1937ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ರಾಯರ ದೊಡ್ಡ ಪ್ರಬಂಧವೊಂದು ಬಂತು. ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ಒಂದೊಂದಾಗಿ ಬಣ್ಣಿಸಿದ ಆ ಪ್ರಬಂಧದಲ್ಲಿ ಕೆಂಪುಹೊಳೆ, ಕೊಟ್ಟಿಗೆಹಾರ ಮುಂತಾದ ಊರು-ಕಾಡುಗಳ ಹೆಸರಿದ್ದವು. ಒಂದು ಕಪ್ಪೆಗಂತೂ ಕೆಂಪುಹೊಳೆಯ ಹೆಸರನ್ನೇ ಇಟ್ಟರು: ಕೆಂಪೊಲೆಯೆನ್ಸಿಸ್.

ಹೊಸ ಜೀವಿಯೊಂದನ್ನು ಹೆಸರಿಸಿದಾಗ ಅದರ ಮಾದರಿಯನ್ನು ಕಾಪಿಡುವುದು ವಾಡಿಕೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆರೆದು ನೋಡಬೇಕು. ಕಾಲೇಜಿನಲ್ಲಿದ್ದ ರಾಯರ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಉಳಿದದ್ದು ಅಚ್ಚಾದ ವಿವರಣೆ ಮಾತ್ರ. ಒಂದನ್ನೊಂದು ಹೋಲುವ ಕಂದು ಬಣ್ಣದ, ಸುಕ್ಕುಚರ್ಮದ ಕಪ್ಪೆಗಳ ನಡುವೆ ರಾಯರ ಕಪ್ಪೆ ಯಾವುದೆಂದು ಬರೀ ಓದಿ ಹೇಳುವುದು ಕಷ್ಟವಾಯಿತು. ದಶಕಗಳ ಕಾಲ ಆ ಹೆಸರುಗಳು ಪಟ್ಟಿಯಲ್ಲಿದ್ದವು, ಕಪ್ಪೆಗಳು ಕಣ್ಣಿಗೆ ಬೀಳಲಿಲ್ಲ.

ಹಾಗೆಂದು ಕಾಡೇನೂ ಬರಿದಾಗಿರಲಿಲ್ಲ. 1986ರಲ್ಲಿ ಫ್ರಾನ್ಸಿನ ಅಲೆನ್ ದುಬ್ವಾ ಇದೇ ಆಸುಪಾಸಿನಿಂದ ಇನ್ನೊಂದು ಕಪ್ಪೆಯನ್ನು ಬಣ್ಣಿಸಿ ಅದಕ್ಕೆ ಅಲ್ಲಿನ ಗುಂಡ್ಯ ಎಂಬ ಊರಿನ ಹೆಸರಿಟ್ಟರು.

ರಾಯರ ಹೆಸರುಗಳಿಗೆ ಮರುಜೀವ ಬಂದದ್ದು 2011ರಲ್ಲಿ. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಅವರ ತಂಡ ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ಇರುಳು ಕಪ್ಪೆಗಳ ಕುಲವನ್ನು ಪೂರ್ತಿಯಾಗಿ ಪರಿಶೀಲಿಸಿತು. ಬೆಲ್ಜಿಯಂನ ಫ್ರಾಂಕಿ ಬೋಸೌಟ್, ಕನ್ನಡಿಗರಾದ ಕೆ.ಪಿ. ದಿನೇಶ್ ತಂಡದಲ್ಲಿದ್ದರು. ಈ ಕಪ್ಪೆಗಳು ಹಗಲಲ್ಲಿ ಕಲ್ಲಿನಡಿ ಅವಿತು, ಕತ್ತಲಾದ ಮೇಲೆ ಹೊರಬರುತ್ತವೆ. ಟಾರ್ಚಿನ ಬೆಳಕು ಬಿದ್ದಾಗ ಕಣ್ಣಿನ ಪಾಪೆ ವಜ್ರದಾಕಾರದಲ್ಲಿ ಕಾಣುತ್ತದೆ. ಹಲವು ಜಾತಿಗಳು ಝರಿಯ ಮೇಲೆ ಬಾಗಿದ ಎಲೆಗೋ ಒದ್ದೆ ಬಂಡೆಗೋ ಮೊಟ್ಟೆ ಅಂಟಿಸುತ್ತವೆ. ಒಡೆದಾಗ ಗೊದಮೊಟ್ಟೆ ನೇರ ನೀರಿಗೆ ಬೀಳುತ್ತದೆ.

ರಾಯರಿಗೆ ಇಲ್ಲದ ಅನುಕೂಲವೊಂದು ಈ ತಲೆಮಾರಿಗಿತ್ತು. ಆಲ್ಕೋಹಾಲಿನಲ್ಲಿಟ್ಟ ಚೂರು ಮಾಂಸದಿಂದ ಡಿಎನ್‌ಎ ತೆಗೆದು, ಮೈಟೋಕಾಂಡ್ರಿಯಾದ ಒಂದು ವಂಶವಾಹಿಯ ಅಕ್ಷರಸಾಲನ್ನು ಓದಿ, ಬೇರೆ ಕಪ್ಪೆಯದರ ಪಕ್ಕಕ್ಕಿಟ್ಟರೆ ಎಷ್ಟು ಅಕ್ಷರ ಬದಲಾಗಿವೆ ಎಂಬುದು ತಿಳಿಯುತ್ತದೆ. ನೋಟಕ್ಕೆ ಅವಳಿಯಂತಿದ್ದರೂ ಸಾಲು ಬಹಳ ಬೇರೆಯಾದರೆ ಅವೆರಡರ ವಂಶ ಕವಲೊಡೆದು ಲಕ್ಷಾಂತರ ವರ್ಷಗಳಾಗಿವೆ ಎಂದರ್ಥ. ಬೆರಳ ತುದಿ, ಜಾಲಪಾದ, ಚರ್ಮದ ಮಡಿಕೆಗಳ ಅಳತೆಯೂ ಅದನ್ನೇ ಹೇಳಿದರೆ ತೀರ್ಪು ಗಟ್ಟಿ.

ಆ ಪರಿಶೀಲನೆಯಲ್ಲಿ 12 ಹೊಸ ಪ್ರಭೇದಗಳು ಬೆಳಕಿಗೆ ಬಂದವು. ಜೊತೆಗೆ ರಾಯರು 1920ರಲ್ಲಿ ಹೆಸರಿಸಿದ್ದ ಕೊಡಗಿನ ಕಪ್ಪೆ 91 ವರ್ಷಗಳ ಬಳಿಕ, ಕೆಂಪುಹೊಳೆಯ ಕಪ್ಪೆ ಸುಮಾರು ಮುಕ್ಕಾಲು ಶತಮಾನದ ಬಳಿಕ ಮರಳಿ ಪತ್ತೆಯಾದವು. ಇದಕ್ಕೂ ಒಂದು ವರ್ಷ ಮೊದಲೇ, 2010ರಲ್ಲಿ, ಪೊದೆಗಪ್ಪೆಗಳ ಕುಲವೊಂದಕ್ಕೆ ವಿಜ್ಞಾನಿಗಳು ‘ರಾವೋರ್ಕೆಸ್ಟಿಸ್’ ಎಂದು ರಾಯರ ಹೆಸರನ್ನೇ ಇಟ್ಟಿದ್ದರು.

ವಿಜ್ಞಾನಿಯ ಪ್ರಬಂಧಗಳನ್ನು ಎಣಿಸಿ ಅಳೆಯುವ ಕಾಲ ಇದು. ರಾಯರ ಪ್ರಬಂಧ ಬೆಲೆ ಬಾಳಿದ್ದು ಬೇರೆ ಕಾರಣಕ್ಕೆ: ಮಾದರಿ ಕೈತಪ್ಪಿದ ಮೇಲೂ ಯಾವ ಕಾಡಿನ ಕಪ್ಪೆ ಎಂಬ ಸುಳಿವು ಅದರಲ್ಲಿ ಉಳಿದಿತ್ತು. ಸಕಲೇಶಪುರ ಸೀಮೆಯ ತೋಟದಲ್ಲೋ ಹಳ್ಳದ ಬದಿಯಲ್ಲೋ ಕಪ್ಪೆಯ ಫೋಟೊ ತೆಗೆಯುವವರು ಜಾಗದ ಹೆಸರು, ದಿನಾಂಕ, ಹೊತ್ತು ಬರೆದಿಡಿ. ಮುಂದೆ ಹುಡುಕುವವರಿಗೆ ದಾರಿ ತೋರಿಸುವುದು ಅದೇ.