ಕುರುಕಲಿನ ಸೆಳೆತ, ಮನೆಯ ನೇಮ

ನಾಲಿಗೆಗೆ ಎರಡು ಕಾರ್ಯಗಳು: ನುಡಿಯುವುದು ಮತ್ತು ರುಚಿಯನ್ನರಿಯುವುದು. ನುಡಿಯ ಸಂಯಮವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬಾಲ್ಯದಿಂದಲೇ ಬೋಧಿಸುತ್ತೇವೆ. ರುಚಿಯ ಸಂಯಮದ ಮಾತು ಮಾತ್ರ ಬಹುತೇಕ ಮನೆಗಳಲ್ಲಿ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದ ದಿನ ಆರಂಭವಾಗುತ್ತದೆ. ಅಂದು ಮನೆಯ ಯಜಮಾನರ ತಟ್ಟೆಯಿಂದ ಬೋಂಡ, ಜಿಲೇಬಿಗಳು ಒಮ್ಮೆಲೇ ಮಾಯವಾಗುತ್ತವೆ; ಉಳಿದವರ ತಟ್ಟೆಯಲ್ಲಿ ಅವು ಹಾಗೆಯೇ ಇರುತ್ತವೆ. ಪಕ್ಕದಲ್ಲಿ ಕುಳಿತವರೆಲ್ಲ ಸವಿಯುತ್ತಿರುವಾಗ ಒಬ್ಬರೇ ಹಿಡಿದ ಪಥ್ಯ ಎಷ್ಟು ದಿನ ನಿಂತೀತು?

ಉದ್ಯೋಗ, ವರ್ಗಾವಣೆಗಳ ನಿಮಿತ್ತ ಘಟ್ಟದ ಮೇಲಿನಿಂದ ಮಂಗಳೂರಿಗೆ ಬಂದ ಕುಟುಂಬಗಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಬಿಜೈಯನ್ನೇ ನೋಡಿ. ಕೆ.ಎಸ್.ಆರ್.ಟಿ.ಸಿ. ಬಸ್ ನಿಲ್ದಾಣ ಇರುವ ಬಡಾವಣೆ ಅದು. ಜನರ ಓಡಾಟಕ್ಕೆ ಬಿಡುವಿಲ್ಲ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ಆಷಾಢದ ಸಂಜೆ, ಒದ್ದೆ ಕೊಡೆ ಹಿಡಿದು ಮನೆಯ ಕಡೆ ಹೊರಟವರ ಮೂಗಿಗೆ ಬಿಸಿ ಗೋಳಿಬಜೆಯ ವಾಸನೆ ತಗುಲಿದರೆ ಕಾಲು ತಾನಾಗಿ ನಿಲ್ಲುತ್ತದೆ. ಗೋಳಿಬಜೆಯ ಜೊತೆಗೆ ಅಂಬಡೆ, ಬಿಸ್ಕುಟ್ ರೊಟ್ಟಿ, ಬನ್ಸ್. ಬನ್ಸ್ ಎಂದರೆ ಕಳಿತ ಬಾಳೆಹಣ್ಣು, ಮೈದಾ, ಸಕ್ಕರೆ, ಮೊಸರು ಕಲಸಿ, ಕೆಲವು ತಾಸು ಬಿಟ್ಟು, ಲಟ್ಟಿಸಿ ಎಣ್ಣೆಯಲ್ಲಿ ಉಬ್ಬಿಸಿದ ತಿಂಡಿ. ಹಣ್ಣಿನದಲ್ಲವೆ ಎಂಬ ಸಮಾಧಾನವೂ ಅದರೊಡನೆ ಸಿಗುತ್ತದೆ! ಹಾಗೆಂದು ಕರಾವಳಿಯನ್ನೇ ದೂರುವುದು ನ್ಯಾಯವಲ್ಲ. ಮಿರ್ಚಿ ಭಜಿ, ಗಿರಮಿಟ್ಟುಗಳ ನಾಡಿನಿಂದ ಬಂದವರಿಗೆ ಈ ಚಪಲ ಹೊಸದೇನೂ ಅಲ್ಲ. ಇಲ್ಲಿ ಅದಕ್ಕೆ ಮಳೆಗಾಲದ ನೆಪವೊಂದು ಸೇರಿಕೊಂಡಿದೆ, ಅಷ್ಟೆ.

ಕರಿಯುವಾಗ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಹೋಗುತ್ತದೆ, ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಮೈದಾದಲ್ಲಿ ನಾರಿನ ಅಂಶ ತೀರ ಕಡಿಮೆಯಾದುದರಿಂದ ಅದು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಗಿಯುವ ಶ್ರಮವೂ ಇಲ್ಲದ್ದರಿಂದ, ಹೊಟ್ಟೆ ‘ಸಾಕು’ ಎನ್ನುವ ಮೊದಲೇ ತಟ್ಟೆ ಬರಿದಾಗಿರುತ್ತದೆ. ಪೊಟ್ಟಣದ ತಿಂಡಿಗಳ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಸಹಜ ಆಹಾರವನ್ನೂ ಬೇಕಾದಷ್ಟು ತಿನ್ನಲು ಕೊಟ್ಟು ನೋಡಿದರು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ಪ್ರತಿದಿನ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರೆಂದು 2019ರಲ್ಲಿ ಪ್ರಕಟವಾಯಿತು. ಆದುದರಿಂದ ಇದನ್ನು ಕೇವಲ ಮನೋದೌರ್ಬಲ್ಯವೆಂದು ಹೀಗಳೆಯುವುದು ಸಲ್ಲದು. ಇತ್ತ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, ಇನ್ನೂ 13 ಕೋಟಿಗೂ ಮಿಕ್ಕವರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂಬುದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜು.

ಹಾಗಾದರೆ ಸಂಯಮವನ್ನು ಕಲಿಯುವ ಬಗೆ ಯಾವುದು? ಬಯಕೆಯೊಡನೆ ಅಂಗಡಿಯ ಮುಂದೆ ನಿಂತು ಕಾದಾಡುವುದರಲ್ಲಿ ಅದು ಇಲ್ಲವೆಂದೇ ನನ್ನ ಅಭಿಪ್ರಾಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರು 1960ರ ದಶಕದ ಕೊನೆಯಿಂದ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಈಗಲೇ ತಿಂದರೆ ಒಂದು ಸಿಹಿ, ಸ್ವಲ್ಪ ಕಾದರೆ ಎರಡು ಎಂದು ಮಕ್ಕಳಿಗೆ ಹೇಳಲಾಯಿತು. ಸಿಹಿಯನ್ನೇ ದಿಟ್ಟಿಸಿದ ಮಕ್ಕಳು ಬೇಗ ಸೋತರು. ಅದು ಕಣ್ಣಿಗೆ ಮರೆಯಾಗಿದ್ದಾಗ, ಮನಸ್ಸು ಬೇರೆ ಆಟದಲ್ಲಿ ತೊಡಗಿದ್ದಾಗ ಬಹಳ ಹೊತ್ತು ಕಾದರು. ಹೀಗೆ ಕಾದ ಮಕ್ಕಳೇ ಮುಂದೆ ಬಾಳಿನಲ್ಲಿ ಗೆಲ್ಲುತ್ತಾರೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. 900ಕ್ಕೂ ಹೆಚ್ಚು ಮಕ್ಕಳನ್ನು ಕುರಿತ 2018ರ ಅಧ್ಯಯನವೊಂದು, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಬಂಧ ಬಹಳ ಕ್ಷೀಣವೆಂದು ತೋರಿಸಿತು. ಎಂದರೆ, ಮಗುವಿನ ಸಂಯಮವನ್ನು ಅಳೆಯುವ ಮೊದಲು ಅದರ ಮನೆಯನ್ನು ನೋಡಬೇಕಾಗುತ್ತದೆ.

ಮನೆಯ ನೇಮ ನಮಗೆ ಅಪರಿಚಿತವಲ್ಲ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅರ್ಪಿಸದೆ ಉಣ್ಣಬಾರದು, ತಟ್ಟೆಗೆ ಬಂದುದನ್ನು ಕೆಡಿಸಬಾರದು. ಮೊದಲನೆಯದು ಕೈಗೂ ಬಾಯಿಗೂ ನಡುವೆ ಒಂದು ಕ್ಷಣದ ತಡೆಯನ್ನು ನಿರ್ಮಿಸುತ್ತದೆ. ಎರಡನೆಯದು, ಎಷ್ಟು ಬೇಕೆಂಬುದನ್ನು ಬಡಿಸಿಕೊಳ್ಳುವಾಗಲೇ ನಿರ್ಣಯಿಸುವಂತೆ ಮಾಡುತ್ತದೆ. ಆದರೆ ಈ ನೇಮವನ್ನು ನಾವು ಊಟಕ್ಕಷ್ಟೇ ಉಳಿಸಿಕೊಂಡಿದ್ದೇವೆ. ಸಂಜೆಯ ಕುರುಕಲು ಅದರ ಹೊರಗೆ ನಿಂತಿದೆ. ಟಿ.ವಿ. ನೋಡುತ್ತ, ಮೊಬೈಲ್ ಹಿಡಿದು, ಪೊಟ್ಟಣದಿಂದ ನೇರವಾಗಿ ಬಾಯಿಗೆ ಹೋಗುವ ಚಿಪ್ಸನ್ನು ಅರ್ಪಿಸುವವರಾರು, ಅಳೆಯುವವರಾರು?

ಕುರುಕಲನ್ನೂ ತಟ್ಟೆಗೆ ಹಾಕಿ, ಕುಳಿತು, ಒಂದು ಕ್ಷಣ ಸ್ಮರಿಸಿ ತಿನ್ನುವ ಪದ್ಧತಿಯನ್ನು ಮಾಡಿಕೊಂಡರೆ ಅರ್ಧ ಕೆಲಸವಾದಂತೆ. ಡಬ್ಬಿ ಮೇಜಿನ ಮೇಲೆ ಬೇಡ, ಮೇಲಿನ ನಾಗೊಂದಿಗೆಯಲ್ಲಿರಲಿ. ಕಣ್ಣಿಗೆ ಬೀಳುವೆಡೆ ಹುರಿದ ಶೇಂಗಾ, ಪುಟಾಣಿ, ಬಾಳೆಹಣ್ಣು ಇರಲಿ. ಹಸಿದ ಹೊಟ್ಟೆಯಲ್ಲಿ ಸಂತೆಗೆ ಹೋಗಬಾರದು. ಕರಿದ ತಿಂಡಿಗೆ ವಾರದಲ್ಲಿ ಒಂದು ದಿನವನ್ನು ಗೊತ್ತುಪಡಿಸಿ, ಆ ದಿನ ಮನೆಯವರೆಲ್ಲರೂ ಸಂತೋಷದಿಂದ ತಿನ್ನಲಿ. ಪೂರ್ಣ ನಿಷೇಧದಿಂದ ಕದ್ದು ತಿನ್ನುವ ಅಭ್ಯಾಸ ಬೆಳೆಯುತ್ತದೆಯೇ ಹೊರತು ಸಂಯಮವಲ್ಲ. ಮಕ್ಕಳನ್ನು ಗದರಿಸಿ, ತಾವು ಕಚೇರಿಯಿಂದ ಬರುವ ದಾರಿಯಲ್ಲಿ ಎರಡು ಪ್ಲೇಟು ಮುಗಿಸಿ ಬರುವ ಹಿರಿಯರಿಗೆ ಪ್ರತ್ಯೇಕವಾಗಿ ಹೇಳಬೇಕಾದುದೇನೂ ಇಲ್ಲ.

ತಾಯಂದಿರ ವಿಷಯ ಬೇರೆ. ಕೆಡಿಸಬಾರದೆಂಬ ಭಕ್ತಿಯಿಂದ ಮಕ್ಕಳು ಬಿಟ್ಟ ಅರ್ಧ ಬನ್ಸನ್ನೂ ಬಾಣಲೆಯಲ್ಲಿ ಉಳಿದ ನಾಲ್ಕು ಬಜೆಯನ್ನೂ ತಾವೇ ಮುಗಿಸುವವರು ಅವರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಸಾದದ ನೇಮವೆಂದರೆ ಉಳಿದುದನ್ನು ಒಬ್ಬರ ಹೊಟ್ಟೆಗೆ ತುಂಬುವುದಲ್ಲ. ಹಿಟ್ಟು ಕಲಸುವಾಗಲೇ ಒಂದು ಹಿಡಿ ಕಡಿಮೆ ತೆಗೆದುಕೊಳ್ಳುವುದು. ಅತಿಥಿ ಸತ್ಕಾರದಲ್ಲೂ ಹೀಗೆಯೇ. ‘ಇನ್ನೊಂದು ಹಾಕಿಸಿಕೊಳ್ಳಿ, ಏನೂ ಆಗೋದಿಲ್ಲ’ ಎಂಬ ಒತ್ತಾಯ ಪ್ರೀತಿಯಿಂದಲೇ ಬರುತ್ತದೆ, ನಿಜ. ಆದರೆ ಮಧುಮೇಹವಿರುವ ಬಂಧುವಿಗೆ ಅದನ್ನು ನಿರಾಕರಿಸುವುದು ತಿನ್ನುವುದಕ್ಕಿಂತ ಕಷ್ಟ.

ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿಂಡಿಗಳನ್ನು ಮಾರಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. 51ನೆಯ ಮೀಟರಿನಲ್ಲಿ ಮಗುವಿನ ಜೇಬಿನಲ್ಲಿರುವ ಹತ್ತು ರೂಪಾಯಿ ನಾವು ಕೊಟ್ಟದ್ದು. ಹಣ ಕೊಡುವ ಬದಲು ಡಬ್ಬಿಯಲ್ಲಿ ಒಂದು ಶೇಂಗಾ ಉಂಡೆ ಇಟ್ಟು ಕಳುಹಿಸುವುದು ಬೆಳಗಿನ ಗಡಿಬಿಡಿಯಲ್ಲೂ ಆಗಬಹುದಾದ ಕೆಲಸ.

ಬಿಜೈ ನಿಲ್ದಾಣದಿಂದ ರಾತ್ರಿಯ ಬಸ್ಸಿಗೆ ಘಟ್ಟ ಹತ್ತುವವರಿಗೆ ಒಂದು ಮಾತು. ಹೊರಡುವ ಮುನ್ನ ಮನೆಯಲ್ಲೇ ಉಂಡು, ಚೀಲದಲ್ಲಿ ಎರಡು ಕಟಕು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ನಡುರಾತ್ರಿ ಬಸ್ಸು ಹೋಟೆಲಿನ ಮುಂದೆ ನಿಂತಾಗ ಇಳಿದು ಕಾಲು ಬಿಡಿಸಿಕೊಂಡು, ನೀರು ಕುಡಿದು ಬಂದು ಕುಳಿತರೂ ಪ್ರಯಾಣ ಸಾಗುತ್ತದೆ.