ಬಂಡೆಯ ಊರಲ್ಲಿ ನಿಸರ್ಗ ಎಲ್ಲಿ?

ಪ್ರಶ್ನೆ: ವಾರಕ್ಕೆ ಎರಡು ತಾಸು ನಿಸರ್ಗದಲ್ಲಿ ಕಳೆದರೆ ಆರೋಗ್ಯಕ್ಕೆ ಒಳ್ಳೆಯದಂತೆ. ಬರೀ ಬಿಸಿಲು, ಬಂಡೆಯ ನಮ್ಮ ಬಾದಾಮಿ ಕಡೆ ಇದು ಆಗುವ ಮಾತೇ?

ಉತ್ತರ: ಯಾಕಾಗದು? ಆ ಲೆಕ್ಕ ಇಂಗ್ಲೆಂಡಿನದು. ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ. ವಾರಕ್ಕೆ 120 ನಿಮಿಷವಾದರೂ ನಿಸರ್ಗದಲ್ಲಿ ಕಳೆದವರಲ್ಲಿ ‘ಆರಾಮಿದ್ದೇವೆ’ ಎಂದವರು ಹೆಚ್ಚು. ಒಂದೇ ಸಲ ಹೋದರೂ ಸರಿ, ಕಂತಿನಲ್ಲಾದರೂ ಸರಿ. ಆದರೆ ಗಟ್ಟಿಮುಟ್ಟಾದವರೇ ಹೆಚ್ಚು ಅಡ್ಡಾಡಿರಲೂಬಹುದಲ್ಲ? ಹಾಗಾಗಿ ಇದನ್ನು ಔಷಧದ ಚೀಟಿ ಎಂದುಕೊಳ್ಳಬೇಡಿ. ಇನ್ನು ನಿಸರ್ಗವೆಂದರೆ ದಟ್ಟ ಕಾಡೇ ಆಗಬೇಕಿಲ್ಲ. ಆ ಅಧ್ಯಯನದಲ್ಲಿ ಊರೊಳಗಿನ ಉದ್ಯಾನ, ಕಡಲ ದಂಡೆಗಳೂ ಸೇರಿದ್ದವು.

ನಿಮಗೆ ಅಗಸ್ತ್ಯತೀರ್ಥ ಕೆರೆಯ ದಂಡೆಯಿದೆ. ಅದಕ್ಕಿಂತ ನನ್ನ ಓಟು ಮಹಾಕೂಟಕ್ಕೆ. ಗುಡ್ಡದ ಬುಡದಲ್ಲಿ ಒರತೆಯ ನೀರು ತುಂಬಿದ ಪುಷ್ಕರಣಿ, ಅದರೊಳಗೇ ನಾಲ್ಕು ಮುಖದ ಲಿಂಗದ ಪುಟ್ಟ ಗುಡಿ, ಸುತ್ತ ಮರದ ನೆರಳು. ಬಾದಾಮಿಯಿಂದ ಗುಡ್ಡ ದಾಟಿ ಹೋಗುವ ಹಳೆಯ ಕಾಲುದಾರಿಯೂ ಉಂಟು.

ಬೇಸಿಗೆಯಲ್ಲಿ ಮಾತ್ರ ಮುಂಜಾನೆಯೇ ಹೊರಡಿ. ಕಾದ ಬಂಡೆ ಹೊತ್ತು ಮುಳುಗಿದ ಮೇಲೂ ಝಳ ಉಗುಳುತ್ತಿರುತ್ತದೆ. ನೀರಿನ ಬಾಟಲಿ ಇರಲಿ, ಬಾಳೆಹಣ್ಣು ಬೇಡ. ಬಾದಾಮಿಯ ಮಂಗಗಳ ಕೈಚಳಕ ನಿಮಗೆ ಗೊತ್ತೇ ಇದೆ.