ನಿಮಗಿದು ಗೊತ್ತೇ? ಫೋನು, ನೆಟ್ಟು ಮತ್ತು ಅವುಗಳ ಒಳಗುಟ್ಟು

ಊರಿಗೆ ಊರೇ ಕತ್ತಲಾದರೂ ಹಳೆಯ ಲ್ಯಾಂಡ್‌ಲೈನ್ ಫೋನು ಮಾತ್ರ ಕೆಲಸ ಮಾಡುತ್ತಿತ್ತು, ನೆನಪಿದೆಯೇ? ಅದಕ್ಕೆ ಬೇಕಾದ 48 ವೋಲ್ಟ್ ವಿದ್ಯುತ್ತು ಬರುತ್ತಿದ್ದುದು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ, ಮಾತು ಸಾಗುವ ಅದೇ ತಾಮ್ರದ ತಂತಿಯಲ್ಲಿ. ಮನೆಗೆ ಫೈಬರ್ ಎಳೆಸಿಕೊಂಡವರಿಗೆ ಈ ಭಾಗ್ಯವಿಲ್ಲ. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು, ಕರೆಂಟಲ್ಲ. ಯುಪಿಎಸ್ ಇಲ್ಲದ ಮನೆಯಲ್ಲಿ ದೀಪ ಆರಿದರೆ ಫೋನೂ ಸತ್ತಂತೆ.

ಆಪರೇಟರ್ ಇಲ್ಲದೆ ತಾನೇ ಲೈನು ಜೋಡಿಸುವ ಎಕ್ಸ್‌ಚೇಂಜಿಗೆ 1891ರಲ್ಲಿ ಪೇಟೆಂಟ್ ಪಡೆದವನು ಎಂಜಿನಿಯರ್ ಅಲ್ಲ. ಆತ ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್. ಅದೇ ದಂಧೆಯ ಎದುರಾಳಿಯ ಹೆಂಡತಿ ಆಪರೇಟರ್ ಆಗಿದ್ದು, ಸ್ಟ್ರೌಜರನಿಗೆ ಬರಬೇಕಾದ ಕರೆಗಳನ್ನೆಲ್ಲ ಗಂಡನ ಅಂಗಡಿಗೆ ತಿರುಗಿಸುತ್ತಿದ್ದಳೆಂಬ ಸಿಟ್ಟೇ ಇದಕ್ಕೆ ಕಾರಣವಂತೆ. ಕತೆಗೆ ಉಪ್ಪುಖಾರ ಸೇರಿರಬಹುದು, ಯಂತ್ರವಂತೂ ಅಪ್ಪಟ. ನಮ್ಮ ಬೆಂಗಳೂರಿನ ಐಟಿಐ ಕಾರ್ಖಾನೆಯೂ ವರ್ಷಗಟ್ಟಲೆ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ತಯಾರಿಸಿತು.

ಎಕ್ಸ್‌ಚೇಂಜಿನ ಮಾತು ಬಂದಾಗ ಕಿತ್ತೂರನ್ನು ಬಿಡುವಂತಿಲ್ಲ. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ ರೂಪಿಸಿದ 128 ಪೋರ್ಟ್‌ಗಳ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಈ ಊರಿನಲ್ಲಿ. ವಿದೇಶಿ ಎಕ್ಸ್‌ಚೇಂಜುಗಳಿಗೆ ಎಸಿ ಕೋಣೆ ಬೇಕಿತ್ತು. ಇದು ನಮ್ಮ ಸೆಕೆ, ಧೂಳು ಎರಡನ್ನೂ ತಡೆದುಕೊಂಡು ನಡೆಯಿತು. ಚೆನ್ನಮ್ಮನ ಊರಿಗೆ ಈ ಹೆಮ್ಮೆಯೂ ಸಲ್ಲಬೇಕು, ಪಠ್ಯಪುಸ್ತಕಗಳು ಮರೆತರೂ.

‘ಯಾವ ಲೈನಿಗೂ ಬಿಡುವಿಲ್ಲ’ ಎನ್ನುವುದಕ್ಕೂ ಒಂದು ಅಳತೆಯಿದೆ: ಅರ್ಲಾಂಗ್. ಒಂದು ಲೈನು ಒಂದು ಗಂಟೆಯುದ್ದಕ್ಕೂ ಬಿಡುವಿಲ್ಲದೆ ದುಡಿದರೆ ಅದು ಒಂದು ಅರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಅರ್ಲಾಂಗ್ ಅವರ ಹೆಸರು ಅದು.

ಫೋನಿನಲ್ಲಿ ನೀವು ‘ಎಸ್’ ಎಂದರೆ ಆ ಕಡೆಯವರು ‘ಎಫ್’ ಎಂದು ಬರೆದುಕೊಳ್ಳುತ್ತಾರೆ. ಕೊನೆಗೆ ‘ಎಸ್ ಫಾರ್ ಸುರೇಶ್’ ಎಂದು ಕೂಗಬೇಕಾಗುತ್ತದೆ. ತಪ್ಪು ಅವರ ಕಿವಿಯದ್ದಲ್ಲ. ಹಳೆಯ ಟೆಲಿಫೋನ್ ವ್ಯವಸ್ಥೆ 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ದಾಟಿಸುತ್ತದೆ. ‘ಸ’ಕಾರದ ಸೀಟಿಯಂಥ ಸದ್ದಿನ ಬಹುಪಾಲು ಅದಕ್ಕಿಂತ ಮೇಲಿದ್ದು, ದಾರಿಯಲ್ಲೇ ಕಳೆದುಹೋಗುತ್ತದೆ. 4ಜಿ ಜಾಲದಲ್ಲಿ ಸಾಗುವ ವೋಲ್ಟಿ ಕರೆಗಳಲ್ಲಿ ಈ ಮಿತಿ ಸುಮಾರು 7,000 ಹರ್ಟ್ಸ್‌ಗೆ ಏರಿದ್ದರಿಂದಲೇ ದನಿ ಪಕ್ಕದಲ್ಲೇ ಕೂತಂತೆ ಕೇಳಿಸುವುದು.

‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎಂದಾಗ ಒತ್ತುತ್ತೀರಲ್ಲ, ಆ ಒಂದೊಂದು ಗುಂಡಿಯೂ ಏಕಕಾಲಕ್ಕೆ ಎರಡು ಸ್ವರ ಹೊರಡಿಸುತ್ತದೆ. 5 ಒತ್ತಿದರೆ 770 ಮತ್ತು 1,336 ಹರ್ಟ್ಸ್. ಎರಡೇಕೆ? ಒಂದೇ ಸ್ವರವಾದರೆ ನಮ್ಮ ಮಾತನ್ನೋ ಹಾಡನ್ನೋ ಯಂತ್ರ ಗುಂಡಿಯೆಂದು ಭಾವಿಸುವ ಅಪಾಯವಿತ್ತು.

100 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಡೌನ್‌ಲೋಡ್ 12 ಎಂಬಿ ಆಸುಪಾಸಿನಲ್ಲೇ ಓಡುತ್ತಿದೆಯೇ? ಬೈಯುವ ಮುನ್ನ ಎಂಟರಿಂದ ಭಾಗಿಸಿ. ಜಾಹೀರಾತು ಹೇಳುವುದು ಬಿಟ್‌ಗಳ ಲೆಕ್ಕ, ಕಂಪ್ಯೂಟರ್ ತೋರಿಸುವುದು ಬೈಟ್‌ಗಳ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇದನ್ನು ಗ್ರಾಹಕರಿಗೆ ಬಿಡಿಸಿ ಹೇಳಲು ಯಾರಿಗೂ ಅವಸರವಿಲ್ಲ, ದೊಡ್ಡ ಅಂಕಿ ಚೆನ್ನಾಗಿ ಮಾರಾಟವಾಗುತ್ತದೆ ನೋಡಿ.

ವೇಗ ಬೇರೆ, ವಿಳಂಬ ಬೇರೆ. ಟಿವಿ ನಿರೂಪಕರು ಪ್ರಶ್ನೆ ಕೇಳಿ ಮುಗಿಸಿದ ಮೇಲೂ ದೂರದ ವರದಿಗಾರರು ಸುಮ್ಮನೆ ತಲೆಯಾಡಿಸುತ್ತಾ ನಿಂತಿರುತ್ತಾರೆ. ಅವರ ಮಾತು ಹಾದುಬರುವ ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಪ್ರಶ್ನೆ ಅಲ್ಲಿಗೆ ಹತ್ತಿ ಇಳಿಯಲು ಕಾಲು ಸೆಕೆಂಡ್, ಉತ್ತರಕ್ಕೆ ಇನ್ನೊಂದು ಕಾಲು. ಎಷ್ಟು ದುಡ್ಡು ಸುರಿದರೂ ಬೆಳಕಿಗಿಂತ ಬೇಗ ಹೋಗುವಂತಿಲ್ಲ.

ನೆಟ್ಟಿಗೆ ಸೇರುವ ಸಾಧನಗಳ ಗುರುತಾದ ಐಪಿ ವಿಳಾಸಗಳು ಜಗತ್ತಿನಲ್ಲಿ ಖಾಲಿಯಾಗಿವೆ! 32 ಬಿಟ್‌ಗಳ ಹಳೆಯ ಪದ್ಧತಿಯಲ್ಲಿ ಸಿಗುವುದು ಸುಮಾರು 429 ಕೋಟಿ ವಿಳಾಸ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲೇ ಹಂಚಿಹೋಯಿತು. ಆದರೂ ನೆಟ್ಟು ನಡೆದಿರುವುದು ಹಂಚಿಕೊಂಡು ಬಾಳುವುದರಿಂದ. ನಿಮ್ಮ ರೂಟರ್ ಮನೆಯೊಳಗಿನ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆಲ್ಲ 192.168 ಎಂದು ಶುರುವಾಗುವ ಖಾಸಗಿ ವಿಳಾಸ ಕೊಟ್ಟು, ಹೊರಗೆ ಎಲ್ಲರ ಪರವಾಗಿ ಒಂದೇ ವಿಳಾಸ ತೋರಿಸುತ್ತದೆ. ಶಾಶ್ವತ ಪರಿಹಾರ 128 ಬಿಟ್‌ಗಳ ಐಪಿವಿ6. ಅದರ ಬಳಕೆಯಲ್ಲಿ ಭಾರತ ಮುಂಚೂಣಿಯ ದೇಶಗಳಲ್ಲೊಂದು.

ವೈಫೈ ಯಾವುದರ ಸಂಕ್ಷಿಪ್ತ ರೂಪವೂ ಅಲ್ಲ. ಬ್ರ್ಯಾಂಡ್ ಕಂಪನಿಯೊಂದು ಹೊಸೆದ ಹೆಸರು. ಬ್ಲೂಟೂತ್ ಎಂಬುದು ಹತ್ತನೇ ಶತಮಾನದ ಡೇನಿಷ್ ದೊರೆ ಹೆರಾಲ್ಡನ ಅಡ್ಡಹೆಸರು. ಅದರ ಲೋಗೋದಲ್ಲಿರುವುದೂ ಅವನ ಹೆಸರಿನ ಎರಡು ಹಳೆಯ ಲಿಪಿಯಕ್ಷರಗಳೇ.

ಎಸ್ಸೆಮ್ಮೆಸ್‌ಗೆ 160 ಅಕ್ಷರದ ಮಿತಿ ಎಂದು ಎಲ್ಲರೂ ಬಲ್ಲರು. ಅದು ಇಂಗ್ಲಿಷಿಗೆ. ಒಂದು ಸಂದೇಶದಲ್ಲಿ ಹಿಡಿಸುವುದು 140 ಬೈಟ್. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ ಸಾಕು. ಯೂನಿಕೋಡಿನಲ್ಲಿ ಹೋಗುವ ಕನ್ನಡದ ಒಂದೊಂದು ಸಂಕೇತಕ್ಕೂ 16 ಬಿಟ್ ಬೇಕು. ಹಾಗಾಗಿ ನಮಗೆ ದಕ್ಕುವುದು 70 ಮಾತ್ರ. ಅದರಲ್ಲೂ ಒತ್ತು, ಸ್ವರಚಿಹ್ನೆಗಳಿಗೆಲ್ಲ ಬೇರೆ ಬೇರೆ ಲೆಕ್ಕ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ನುಂಗುವುದು ಆರು ಸ್ಥಾನಗಳನ್ನು! ಇಂಗ್ಲಿಷಿನವರೂ ಬೀಗಬೇಕಿಲ್ಲ. ಕೊನೆಯಲ್ಲೊಂದು ನಗುವ ಎಮೋಜಿ ಸೇರಿಸಿದರೆ ಇಡೀ ಸಂದೇಶ ಯೂನಿಕೋಡಿಗೆ ಜಾರಿ ಅವರ ಮಿತಿಯೂ 70ಕ್ಕೆ ಇಳಿಯುತ್ತದೆ.

ಕೊನೆಯದಾಗಿ, ನಿಮ್ಮ ಫೋನಿನಲ್ಲಿ *#06# ಒತ್ತಿ. ಪರದೆಯ ಮೇಲೆ ಮೂಡುವ 15 ಅಂಕಿಗಳೇ ಐಎಂಇಐ. ಎರಡು ಸಿಮ್ ಹಾಕುವ ಫೋನಾದರೆ ಇಂಥ ಎರಡು ಸಂಖ್ಯೆ ಕಾಣುತ್ತವೆ. ಇದು ಸಿಮ್ಮಿನದ್ದಲ್ಲ, ಫೋನಿನದ್ದೇ ಗುರುತು. ಆದ್ದರಿಂದ ಕಳ್ಳ ಸಿಮ್ ಬದಲಿಸಿದರೂ ಪೊಲೀಸ್ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿ ಜಾಲತಾಣದಲ್ಲಿ ಅರ್ಜಿ ಹಾಕಿ ಫೋನನ್ನು ಬ್ಲಾಕ್ ಮಾಡಿಸಬಹುದು. ಸಂಖ್ಯೆಯನ್ನು ಇವತ್ತೇ ಡೈರಿಯಲ್ಲಿ ಬರೆದಿಡಿ. ದಯವಿಟ್ಟು ಅದೇ ಫೋನಿನ ನೋಟ್ಸ್‌ನಲ್ಲಿ ಮಾತ್ರ ಬೇಡ.